ಸವೆದ ಬೆರಳು ಮತ್ತು ತಿಂಗಳ ಅಕ್ಕಿ

ನ್ಯಾಯಬೆಲೆ ಅಂಗಡಿಯಲ್ಲಿರುವ ಸಣ್ಣ ಯಂತ್ರವೊಂದನ್ನು ವಿದ್ಯಾರ್ಥಿಮಿತ್ರರು ನೋಡಿಯೇ ಇರುವರು. ಪಡಿತರ ಚೀಟಿಯವರು ಅದರ ಗಾಜಿನ ಮೇಲೆ ಬೆರಳನ್ನಿಡುತ್ತಾರೆ. ಗುರುತು ತಾಳೆಯಾದರೆ ಅಕ್ಕಿ ದೊರೆಯುತ್ತದೆ. ತಾಳೆಯಾಗದಿದ್ದರೆ? ಈ ಪ್ರಶ್ನೆಯ ಅರ್ಧಭಾಗ ಭೌತಶಾಸ್ತ್ರಕ್ಕೆ ಸೇರಿದ್ದು. ಉಳಿದರ್ಧ ಸಮಾಜಕಾರ್ಯಕ್ಕೆ ಸೇರಿದ್ದೆಂದು ನಾನು ತಿಳಿದಿದ್ದೇನೆ.

ಮೊದಲು ಭೌತಶಾಸ್ತ್ರವನ್ನು ನೋಡೋಣ. ಬೆರಳಚ್ಚಿನ ಯಂತ್ರಗಳಲ್ಲಿ ಒಂದು ಬಗೆಯವು ಬೆಳಕಿನಿಂದ ಕೆಲಸಮಾಡುವಂಥವು. ಗಾಜಿನೊಳಗಿಂದ ಬಂದ ಬೆಳಕು ಅದರ ಮೇಲ್ಮೈಯನ್ನು ಸುಮಾರು 42 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ತಾಕಿದಾಗ, ಆಚೆ ಗಾಳಿಯಿರುವ ಕಡೆಯಲ್ಲೆಲ್ಲ ಪೂರ್ತಿಯಾಗಿ ಹಿಂದಿರುಗುವುದು. ಇದೇ ನೀವು ತರಗತಿಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ. ಬೆರಳಿನ ಉಬ್ಬುಗೆರೆ ಗಾಜನ್ನು ಮುಟ್ಟಿದೆಡೆ ಗಾಳಿಗೆ ಸ್ಥಳವಿಲ್ಲ. ಬೆಳಕು ಚರ್ಮದೊಳಕ್ಕೆ ಸೋರಿಹೋಗಿ ಅಲ್ಲಿ ಕಪ್ಪುಗೆರೆ ಮೂಡುತ್ತದೆ. ನಡುವಣ ತಗ್ಗುಗಳು ಬೆಳ್ಳಗೆ ಕಾಣುತ್ತವೆ. ಒಂದು ಗೆರೆಗೂ ಪಕ್ಕದ ಗೆರೆಗೂ ಇರುವ ಅಂತರ ಸುಮಾರು ಅರ್ಧ ಮಿಲಿಮೀಟರು. ಇಷ್ಟು ಸೂಕ್ಷ್ಮವಾದ ಉಬ್ಬುತಗ್ಗಿನ ಮೇಲೆ ಒಂದು ಸಂಸಾರದ ಊಟ ನಿಂತಿದೆಯೆಂದರೆ ಆಶ್ಚರ್ಯವೇ ಸರಿ!

ಈ ಗೆರೆಗಳು ಸವೆಯುವುದು ಯಾರಿಗೆ? ನನ್ನಂತೆ ಸೀಮೆಸುಣ್ಣ ಹಿಡಿಯುವವರಿಗಲ್ಲ. ಇಟ್ಟಿಗೆ ಹೊರುವವರಿಗೆ, ಜಲ್ಲಿ ಒಡೆಯುವವರಿಗೆ, ಚರ್ಮ ಒಣಗಿದ ಮುದುಕರಿಗೆ. ಪ್ರಯೋಗಶಾಲೆಯಲ್ಲಿ ನಾವು ಎರಡು ಬಗೆಯ ದೋಷಗಳನ್ನು ಹೇಳಿಕೊಡುತ್ತೇವೆ. ಒಮ್ಮೆ ಅತ್ತ ಒಮ್ಮೆ ಇತ್ತ ಆಗುವ ದೋಷವನ್ನು ಹಲವು ಅಳತೆಗಳ ಸರಾಸರಿಯಿಂದ ತಗ್ಗಿಸಬಹುದು. ಯಾವಾಗಲೂ ಒಂದೇ ಕಡೆಗೆ ವಾಲುವ ದೋಷ ಸಾವಿರ ಸಲ ಅಳೆದರೂ ಹೋಗದು. ಪಡಿತರದ ಯಂತ್ರದಲ್ಲಿರುವುದು ಈ ಎರಡನೆಯದು. ಅದು ವಾಲುವುದು ಅಕ್ಕಿ ಅತ್ಯಗತ್ಯವಾಗಿರುವವರ ಕಡೆಗೇ. “ಇನ್ನೊಮ್ಮೆ ಒತ್ತಮ್ಮಾ” ಎಂದರೆ ಏನು ಫಲ?

ಕಳೆದ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ವಿದ್ಯಾರ್ಥಿಗಳೊಡನೆ ರೇಷ್ಮೆ ಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದೆನು. ಹುಡುಗಿಯಾಗಿದ್ದಂದಿನಿಂದ ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದ ಹೆಂಗಸೊಬ್ಬಳು, ಒಂದೇ ತಿಂಗಳಲ್ಲಿ ಮೂರು ಸಲ ಬರಿಯ ಚೀಲದೊಡನೆ ಹಿಂದಿರುಗಿದ್ದಳು. ಮೂರು ದಿನದ ಕೂಲಿಯೂ ಹೋಗಿತ್ತು. “ನನ್ ಬೆರಳೇ ನನ್ದಲ್ಲ ಅಂತೈತೆ ಸ್ವಾಮಿ” ಎಂದಳು. ಕಾರಣವೇನೆಂಬುದು ನನಗೆ ಗೊತ್ತಿತ್ತು. ಅದರಿಂದ ಆಕೆಗೆ ಒಂದು ಹಿಡಿ ಅಕ್ಕಿಯೂ ಬರಲಿಲ್ಲ. ನಮ್ಮೊಡನಿದ್ದ ಸಮಾಜಕಾರ್ಯಕರ್ತೆಯು ಮಾತ್ರ, ಚೀಟಿಯಲ್ಲಿ ಇನ್ನಾರ ಹೆಸರಿದೆ, ದೂರವಾಣಿ ಸಂಖ್ಯೆ ಸೇರಿಸಿದೆಯೆ ಎಂದು ವಿಚಾರಿಸಿ, ಅಲ್ಲಿಯೇ ಅರ್ಜಿ ಬರೆದು, ಮರುದಿನ ಆಕೆಯನ್ನು ತಾಲ್ಲೂಕು ಕಚೇರಿಗೆ ಕರೆದೊಯ್ದಳು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬದ ಪ್ರತಿಯೊಬ್ಬನಿಗೆ ತಿಂಗಳಿಗೆ 5 ಕಿಲೋಗ್ರಾಂ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋಗ್ರಾಂ ಧಾನ್ಯವನ್ನು ಹಕ್ಕಾಗಿಸಿದೆ. ಧಾನ್ಯ ಕೊಡದಿದ್ದರೆ ಬದಲಿಗೆ ಭತ್ಯೆ ಕೊಡಬೇಕು. ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿಯಿರಬೇಕು. ಬೆರಳು ತಾಳೆಯಾಗಲಿಲ್ಲವೆಂಬ ಕಾರಣದಿಂದ ಯಾರನ್ನೂ ಹಿಂದಕ್ಕೆ ಕಳುಹಿಸಕೂಡದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲಿಯೇ ಸೂಚಿಸಿದೆ. ಇದನ್ನೆಲ್ಲ ಆ ಹೆಂಗಸು ಎಲ್ಲಿಂದ ತಿಳಿಯಬೇಕು? ನನಗೂ ಅಂದೇ ತಿಳಿದದ್ದು.

ಇಂತಹ ನೆರವನ್ನು ಯಾರದೋ ಕರುಣೆಗೆ ಬಿಡುವುದು ಸರಿಯಲ್ಲ. ತರಬೇತಿ ಪಡೆದ, ಸಂಬಳವುಳ್ಳ ಸಮಾಜಕಾರ್ಯಕರ್ತರು ಹೋಬಳಿಗೊಬ್ಬರಾದರೂ ಬೇಕು. ಅಂಗನವಾಡಿ ಕಾರ್ಯಕರ್ತೆಯ ತಲೆಯ ಮೇಲೆ ಇದನ್ನೂ ಹೊರಿಸುವುದು ನ್ಯಾಯವಲ್ಲ; ಆಕೆಯ ಹೊರೆ ಈಗಲೇ ಸಾಕಷ್ಟಿದೆ. ಸಮಾಜಕಾರ್ಯವನ್ನು ಕಲಿಸುವ ಶಾಲೆ ಮುಂಬಯಿಯಲ್ಲಿ 1936ರಷ್ಟು ಹಿಂದೆಯೇ ಆರಂಭವಾಯಿತು. ಆದರೂ ವಿಜ್ಞಾನದಲ್ಲಿ ಸ್ಥಳ ಸಿಗದವರು ಓದುವ ವಿಷಯ ಅದೆಂದು ನಮ್ಮ ಕಾಲೇಜುಗಳಲ್ಲಿ ಇಂದಿಗೂ ಆಡಿಕೊಳ್ಳುವುದುಂಟು. ನಾನೂ ಹಾಗೆ ಆಡಿದವನೇ.

ಆ ಹೆಂಗಸಿಗೆ ತಿಂಗಳ ಕೊನೆಯ ದಿನ ಅಕ್ಕಿ ದೊರೆಯಿತು. ಮರುತಿಂಗಳು ಆಕೆ ಮತ್ತೆ ಅದೇ ಗಾಜಿನ ಮೇಲೆ ಬೆರಳನ್ನಿಡಬೇಕಾಗಿತ್ತು.