ಅಬಿಡ್ಸ್‌ನಿಂದ ಹೈಟೆಕ್ ಸಿಟಿಗೆ ಸರಿದ ವ್ಯಾಪಾರ: ಹೈದರಾಬಾದಿನ ಹಳೆ ಪೇಟೆಗಳಿಗೆ ಉಳಿಗಾಲವಿದೆಯೇ?

ಬೀದರ್, ಕಲಬುರಗಿ, ರಾಯಚೂರು ಭಾಗದ ಹಿರಿಯರಿಗೆ ಹೈದರಾಬಾದ್ ಪರ ಊರಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳಿಗೆ ಅದೇ ರಾಜಧಾನಿ. ರಾಜ್ಯದ ಗಡಿ ಬದಲಾದ ಮೇಲೂ ಮದುವೆ ಜವಳಿಗೆ, ಬಳೆಗೆ, ಮುತ್ತಿನ ಸರಕ್ಕೆ ಹೈದರಾಬಾದ್ ದಾರಿ ಹಿಡಿಯುವ ರೂಢಿ ತಪ್ಪಲಿಲ್ಲ. ಆ ದಾರಿ ಹೋಗಿ ಮುಟ್ಟುತ್ತಿದ್ದದ್ದು ಅಬಿಡ್ಸ್, ಕೋಠಿ, ಸುಲ್ತಾನ್ ಬಜಾರ್, ಪತ್ಥರ್‌ಗಟ್ಟಿ, ಲಾಡ್ ಬಜಾರ್‌ಗಳಿಗೆ. ಈಗ ಅದೇ ಪೇಟೆಗಳ ಅಂಗಡಿಕಾರರು ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆ ಎನ್ನುತ್ತಿದ್ದಾರೆ. ಕಾರಣ ಕೇಳಿದರೆ ಮೊದಲು ಬರುವ ಉತ್ತರ 'ಆನ್‌ಲೈನ್'. ಅದು ನಿಜ, ಆದರೆ ಪೂರ್ತಿ ನಿಜವಲ್ಲ.

ಪೇಟೆ ಕಟ್ಟಿದ್ದು ಆಡಳಿತವೇ

ಈ ಪೇಟೆಗಳ ಹಿಂದೆ ಆಡಳಿತದ ಕೈ ಮೊದಲಿನಿಂದಲೂ ಇದೆ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ತೆರೆದ ಅಂಗಡಿಯಿಂದಲೇ ಅಬಿಡ್ಸ್‌ಗೆ ಆ ಹೆಸರು ಬಂತು. ಬ್ರಿಟಿಷ್ ರೆಸಿಡೆನ್ಸಿಯ ಆಸರೆಯಲ್ಲಿ ಬೆಳೆದ ರೆಸಿಡೆನ್ಸಿ ಬಜಾರ್ 1933ರಲ್ಲಿ ನಿಜಾಮರಿಗೆ ಮರಳಿ, ಸುಲ್ತಾನ್ ಬಜಾರ್ ಆಯಿತು. 1908ರ ಮೂಸಿ ಪ್ರವಾಹ ನಗರವನ್ನು ಕೊಚ್ಚಿಕೊಂಡು ಹೋದ ಬಳಿಕ ನಗರ ಸುಧಾರಣಾ ಮಂಡಳಿ ಪತ್ಥರ್‌ಗಟ್ಟಿಯ ಕಲ್ಲಿನ ಕಮಾನಿನ ಅಂಗಡಿ ಸಾಲನ್ನು ಕಟ್ಟಿಸಿತು. 1935ರಲ್ಲಿ ಮೊಅಜ್ಜಂ ಜಾಹಿ ಮಾರುಕಟ್ಟೆ ಎದ್ದು ನಿಂತಿತು.

ಪೇಟೆ ಬೆಳೆಯಲು ಜನ ನಡೆದು ಬರುವಂತಿರಬೇಕು, ನೆರಳಿರಬೇಕು, ಗಾಡಿ ನಿಲ್ಲಿಸಲು ಜಾಗವಿರಬೇಕು ಎಂಬುದು ಅಂದಿನ ಆಡಳಿತಕ್ಕೆ ಗೊತ್ತಿತ್ತು. ಹಾಗಾಗಿ ಇಂದಿನ ಕುಸಿತದಲ್ಲೂ ಆಡಳಿತದ ಪಾಲೆಷ್ಟು ಎಂದು ಕೇಳಲೇಬೇಕಾಗುತ್ತದೆ.

ಪಶ್ಚಿಮಕ್ಕೆ ಹೊರಳಿದ ನಗರ

1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದಾಗ ಮಾಧಾಪುರದ ಸುತ್ತ ಬಂಡೆಗಳೇ ಹೆಚ್ಚಿದ್ದವು. ಮುಂದಿನ ಎರಡು ದಶಕಗಳಲ್ಲಿ ನಗರದ ಸಂಬಳದ ಹಣ ಅತ್ತ ಕಡೆಗೆ ಹರಿಯಿತು. ಸಂಬಳ ಹೋದ ಕಡೆಗೆ ಮನೆಗಳು, ಮನೆಗಳು ಎದ್ದ ಕಡೆಗೆ ಮಾಲ್‌ಗಳು ಬಂದವು. ಸ್ವೀಡನ್ ಮೂಲದ ಐಕಿಯಾ ಭಾರತದ ತನ್ನ ಮೊದಲ ಮಳಿಗೆಯನ್ನು 2018ರ ಆಗಸ್ಟ್‌ನಲ್ಲಿ ತೆರೆದದ್ದು ಹೈಟೆಕ್ ಸಿಟಿಯಲ್ಲಿ. ಮರು ವರ್ಷ ಅಮೆಜಾನ್ ತನ್ನ ಬೃಹತ್ ಕ್ಯಾಂಪಸ್ ಅನ್ನು ಇದೇ ನಗರದಲ್ಲಿ ಆರಂಭಿಸಿತು.

ಕೊಂಡಾಪುರದ ಕುಟುಂಬವೊಂದು ಬಟ್ಟೆ ಖರೀದಿಗೆ ಅಬಿಡ್ಸ್‌ಗೆ ಬರಬೇಕಾದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ, ಬಂದ ಮೇಲೆ ಕಾರು ನಿಲ್ಲಿಸಲು ಜಾಗವಿಲ್ಲ. ಮಾಲ್‌ಗೆ ಹೋದರೆ ಈ ತೊಂದರೆ ಇಲ್ಲ. 2018ರಲ್ಲಿ ತೆಲಂಗಾಣ ಸರ್ಕಾರ ಮಾಲ್ ಮತ್ತು ಮಲ್ಟಿಪ್ಲೆಕ್ಸ್‌ಗಳಲ್ಲಿ ಮೊದಲ 30 ನಿಮಿಷ ಪಾರ್ಕಿಂಗ್ ಉಚಿತ ಎಂದು ಆದೇಶಿಸಿತು. ಗ್ರಾಹಕರಿಗೆ ಅದು ಒಳ್ಳೆಯದೇ. ಆದರೆ ಹಳೆ ಪೇಟೆಯ ಗಿರಾಕಿಯ ಗಾಡಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಅಂಥ ಚುರುಕಿನ ಉತ್ತರ ಸಿಗಲಿಲ್ಲ.

ಇದರ ಮೇಲೆ 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಒಂದರ ಹಿಂದೊಂದು ಬಂದವು. ನಗದಿನಲ್ಲಿ ವ್ಯವಹಾರ ಮಾಡಿ, ಪರಿಚಯದ ಮೇಲೆ ಉದ್ರಿ ಕೊಟ್ಟು ನಡೆಯುತ್ತಿದ್ದ ಅಂಗಡಿಗಳಿಗೆ ನಾಲ್ಕು ವರ್ಷದಲ್ಲಿ ಮೂರು ಪೆಟ್ಟು. ದೊಡ್ಡ ಬಂಡವಾಳದವರು ತಡೆದುಕೊಂಡರು. ಸಣ್ಣವರಿಗೆ ಚೇತರಿಸಿಕೊಳ್ಳಲು ಸಮಯವೇ ಸಿಗಲಿಲ್ಲ.

ತಲೆಯ ಮೇಲೆ ಹಾದ ಮೆಟ್ರೊ

ಸುಲ್ತಾನ್ ಬಜಾರ್ ವರ್ತಕರು ಮೆಟ್ರೊ ಮಾರ್ಗವನ್ನು ವರ್ಷಗಟ್ಟಲೆ ವಿರೋಧಿಸಿದರು. ಮಾರ್ಗ ಬದಲಿಸುವ ಮಾತು ಸರ್ಕಾರದ ಮಟ್ಟದಲ್ಲೇ ನಡೆದರೂ ಕೊನೆಗೆ ಇಕ್ಕಟ್ಟಾದ ಆ ಬೀದಿಯ ಮೇಲೆಯೇ ಕಂಬಗಳೆದ್ದವು. ಜೆಬಿಎಸ್–ಎಂಜಿಬಿಎಸ್ ಮಾರ್ಗ 2020ರ ಫೆಬ್ರುವರಿ 7ರಂದು ಉದ್ಘಾಟನೆಯಾಯಿತು. ಮರು ತಿಂಗಳೇ ಲಾಕ್‌ಡೌನ್.

ಬೆಂಗಳೂರಿನವರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯಬಹುದು. ಚಿಕ್ಕಪೇಟೆ ಕೂಡ ಅಷ್ಟೇ ಇಕ್ಕಟ್ಟು. ಅಲ್ಲಿ ನಮ್ಮ ಮೆಟ್ರೊ ನೆಲದಡಿ ಸಾಗಿ, 2017ರ ಜೂನ್‌ನಲ್ಲಿ ಸಂಚಾರ ಆರಂಭಿಸಿತು. ಕಾಮಗಾರಿ ನಡೆದಷ್ಟು ದಿನ ಅಲ್ಲಿನ ವ್ಯಾಪಾರಿಗಳೂ ನಷ್ಟ ಅನುಭವಿಸಿದರು. ಆದರೆ ಕೆಲಸ ಮುಗಿದ ಮೇಲೆ ಬೀದಿ ಬೀದಿಯಾಗಿಯೇ ಉಳಿಯಿತು, ಗಿರಾಕಿಗೆ ಹೊಸ ದಾರಿಯೂ ಸಿಕ್ಕಿತು. ಹೈದರಾಬಾದಿನ ಮೊದಲ ಹಂತದ ಸುಮಾರು 69 ಕಿ.ಮೀ. ಮಾರ್ಗ ಪೂರ್ತಿ ಎತ್ತರಿಸಿದ ಮಾರ್ಗ. ಖರ್ಚು ಉಳಿಸುವ ಆ ಆಯ್ಕೆಯ ಬೆಲೆಯನ್ನು ಕೆಲವು ಬೀದಿಗಳು ತೆತ್ತಿವೆ.

ಈಗ ಸರದಿ ಹಳೆ ನಗರದ್ದು. ಎಂಜಿಬಿಎಸ್‌ನಿಂದ ಫಲಕ್‌ನುಮಾವರೆಗೆ 5.5 ಕಿ.ಮೀ. ಮಾರ್ಗಕ್ಕೆ 2024ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ರೇವಂತ್ ರೆಡ್ಡಿ ಶಂಕುಸ್ಥಾಪನೆ ಮಾಡಿದರು. ರಸ್ತೆ ಅಗಲೀಕರಣಕ್ಕಾಗಿ ಕಟ್ಟಡಗಳನ್ನು ಸ್ವಾಧೀನಪಡಿಸಿಕೊಳ್ಳಲು ಚದರ ಗಜಕ್ಕೆ 81,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಗಜದ ಲೆಕ್ಕದ ಹಣ ಸಲ್ಲುವುದು ಮಾಲೀಕನಿಗೆ. ಅಂಗಡಿ ನಡೆಸುವವನು ಬಹಳ ಕಡೆ ಬಾಡಿಗೆದಾರ. 2013ರ ಭೂಸ್ವಾಧೀನ ಕಾಯ್ದೆ 'ಬಾಧಿತ ಕುಟುಂಬ' ಎಂದರೆ ಭೂಮಾಲೀಕರು ಮಾತ್ರವಲ್ಲ, ಸ್ವಾಧೀನಕ್ಕೆ ಮೂರು ವರ್ಷ ಮೊದಲಿನಿಂದ ಅದೇ ಜಾಗದ ದುಡಿಮೆಯನ್ನು ನಂಬಿದ್ದ ಬಾಡಿಗೆದಾರರು, ಕುಶಲಕರ್ಮಿಗಳೂ ಹೌದು ಎನ್ನುತ್ತದೆ. ಕಾಯ್ದೆಯ ಈ ಸಾಲು ಎಷ್ಟರ ಮಟ್ಟಿಗೆ ಜಾರಿಯಾಗುತ್ತದೆ ಎಂಬುದರ ಮೇಲೆ ನೂರಾರು ಸಣ್ಣ ವ್ಯಾಪಾರಿಗಳ ಭವಿಷ್ಯ ನಿಂತಿದೆ. ತಲೆಮಾರುಗಳಿಂದ ಒಂದೇ ಜಾಗದಲ್ಲಿ ಗಳಿಸಿದ ಗಿರಾಕಿಯ ನಂಬಿಕೆಗಂತೂ ಗಜದ ಲೆಕ್ಕದಲ್ಲಿ ಬೆಲೆ ಕಟ್ಟಲಾಗದು.

ಯಾವ ಅಂಗಡಿ ಉಳಿಯುತ್ತಿದೆ?

ಎಲ್ಲ ಪೇಟೆಗಳೂ ಒಂದೇ ವೇಗದಲ್ಲಿ ಸೊರಗುತ್ತಿಲ್ಲ. ಬೇಗಂ ಬಜಾರ್ ಸಗಟು ವ್ಯಾಪಾರದ ಕೇಂದ್ರ. ಸುತ್ತಲ ಜಿಲ್ಲೆಗಳ, ಕಲ್ಯಾಣ ಕರ್ನಾಟಕದ ಚಿಲ್ಲರೆ ಅಂಗಡಿಗಳಿಗೂ ಸರಕು ಹೋಗುವುದು ಅಲ್ಲಿಂದ. ಲಾಡ್ ಬಜಾರ್‌ನ ಬಲ ಅರಗಿನ ಬಳೆ. ಕಣ್ಣೆದುರೇ ಕೈಗೆ ಹೊಂದುವಂತೆ ತಯಾರಾಗುವ ಈ ಬಳೆಗೆ 2024ರಲ್ಲಿ ಭೌಗೋಳಿಕ ಗುರುತು ಮಾನ್ಯತೆ ಸಿಕ್ಕಿದೆ. ಬೇರೆಲ್ಲೂ ಸಿಗದ್ದನ್ನು ಮಾರುವವನಿಗೆ ಇನ್ನೂ ಗಿರಾಕಿಯಿದ್ದಾನೆ.

ನಿಜವಾಗಿ ಕಷ್ಟದಲ್ಲಿರುವುದು ಮಧ್ಯದ ಸಾಲು: ಸಿದ್ಧ ಉಡುಪು, ಚಪ್ಪಲಿ, ಗಡಿಯಾರ, ಪುಸ್ತಕ, ಎಲೆಕ್ಟ್ರಾನಿಕ್ಸ್ ಅಂಗಡಿಗಳು. ಅವರ ಬಳಿ ಇರುವ ಸರಕೇ ಮೊಬೈಲ್ ಪರದೆಯ ಮೇಲೂ ಇದೆ, ಅದೂ ಕಡಿಮೆ ಬೆಲೆಗೆ. ಆ ಬೆಲೆ ಹೇಗೆ ಸಾಧ್ಯವಾಯಿತು ಎಂಬುದೇ ವಿವಾದ. ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಆಯ್ದ ಮಾರಾಟಗಾರರಿಗೆ ಆದ್ಯತೆ ಕೊಡುತ್ತಾರೆ ಎಂಬುದು ಮುಖ್ಯ ಆರೋಪ, ಕಂಪನಿಗಳು ಅದನ್ನು ಒಪ್ಪುವುದಿಲ್ಲ. ಸಂಬಂಧಿತ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್‌ಗೆ ಕಳುಹಿಸಿತು. ತನಿಖೆಗೆ ಆದೇಶವಾಗಿ ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಸಣ್ಣ ಅಂಗಡಿಗೆ ಐದು ವರ್ಷ ಕಾಯುವ ಶಕ್ತಿ ಇರುವುದಿಲ್ಲ.

ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಸರಕು ತರುವ ಕ್ವಿಕ್ ಕಾಮರ್ಸ್ ಈಗ ಕಿರಾಣಿಗೂ ಕೈ ಹಾಕಿದೆ. ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 2 ಲಕ್ಷ ಕಿರಾಣಿ ಅಂಗಡಿಗಳು ಮುಚ್ಚಿವೆ ಎಂದು ಅಖಿಲ ಭಾರತ ಗ್ರಾಹಕ ಉತ್ಪನ್ನ ವಿತರಕರ ಒಕ್ಕೂಟ 2024ರಲ್ಲಿ ಹೇಳಿತ್ತು. ಅದು ವ್ಯಾಪಾರಿಗಳ ಸಂಘಟನೆಯ ಅಂದಾಜೇ ಹೊರತು ಸರ್ಕಾರಿ ಗಣತಿಯಲ್ಲ.

ಅಂಗಡಿಕಾರರ ಹೊಣೆಯೂ ಇದೆ

ಹಳೆಯದೆಲ್ಲ ಚಿನ್ನವಲ್ಲ. 2025ರ ಮೇ 18ರಂದು ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಜ್‌ನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆಯಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 17 ಮಂದಿ ಪ್ರಾಣ ಕಳೆದುಕೊಂಡರು. ಒಳಹೋಗಲು ಇದ್ದ ದಾರಿ ಕಿರಿದಾಗಿತ್ತು. ಹಳೆ ವೈರಿಂಗ್, ಒಂದೇ ಬಾಗಿಲು, ಕಿಕ್ಕಿರಿದ ದಾಸ್ತಾನು ಪರಂಪರೆಯ ಹೆಸರಲ್ಲಿ ಮುಂದುವರಿಯುವಂತಿಲ್ಲ. ಬಿಲ್ ಕೊಡದಿರುವುದು, ಮಾರಿದ್ದನ್ನು ವಾಪಸ್ ಪಡೆಯದಿರುವುದು ಕೂಡ ಗಿರಾಕಿಯನ್ನು ಆನ್‌ಲೈನ್ ಕಡೆಗೆ ತಳ್ಳಿದ ಕಾರಣಗಳೇ.

ಹಾಗೆಂದು ಪೇಟೆಯನ್ನು ಅದರ ಪಾಡಿಗೆ ಬಿಟ್ಟರೆ ಕಳೆದುಹೋಗುವುದು ಕೇವಲ ಅಂಗಡಿಯಲ್ಲ. ಓದು ಅರ್ಧಕ್ಕೆ ಬಿಟ್ಟ ಹುಡುಗನಿಗೆ ಸೇಲ್ಸ್‌ಮನ್ ಕೆಲಸ, ಕೈಯಲ್ಲಿ ಕಾಸಿಲ್ಲದವರಿಗೆ ಉದ್ರಿ, ಮೂಟೆ ಹೊರುವವರಿಗೆ ದಿನಗೂಲಿ, ದರ್ಜಿಗೆ ಗಿರಾಕಿ ಸಿಗುವುದು ಅಲ್ಲಿ. ಅಬಿಡ್ಸ್ ಅಂಗಡಿಗಳು ಬಾಗಿಲು ಹಾಕುವ ಭಾನುವಾರ ಅವುಗಳ ಮುಂದಿನ ಫುಟ್‌ಪಾತ್‌ನಲ್ಲಿ ಹಳೆ ಪುಸ್ತಕಗಳ ಸಂತೆ ಕೂರುತ್ತದೆ. ಒಬ್ಬರ ಕಟ್ಟೆ ಇನ್ನೊಬ್ಬರ ಹೊಟ್ಟೆಪಾಡಾಗುವ ಈ ವ್ಯವಸ್ಥೆಯನ್ನು ಯಾವ ಗೋದಾಮೂ ಕೊಡಲಾರದು.

ಮಾಡಬಹುದಾದ ಕೆಲಸ ದೊಡ್ಡ ಪವಾಡವೇನಲ್ಲ. ಬಾಡಿಗೆ ವ್ಯಾಪಾರಿಗೂ ಪುನರ್ವಸತಿ, ಹಳೆ ಪೇಟೆಗೆ ಸಾಮೂಹಿಕ ಪಾರ್ಕಿಂಗ್, ಅಗ್ನಿ ಸುರಕ್ಷತೆಗೆ ಸುಲಭ ಸಾಲ, ಸ್ಪರ್ಧಾ ಪ್ರಕರಣಗಳಿಗೆ ಕಾಲಮಿತಿ ಸಿಕ್ಕರೆ ಬಹುಪಾಲು ಅಂಗಡಿಗಳು ತಮ್ಮ ಕಾಲ ಮೇಲೆ ನಿಲ್ಲಬಲ್ಲವು. ಪಾಳು ಬಿದ್ದಂತಿದ್ದ ಮೊಅಜ್ಜಂ ಜಾಹಿ ಮಾರುಕಟ್ಟೆಯನ್ನು 2020ರಲ್ಲಿ ಜೀರ್ಣೋದ್ಧಾರ ಮಾಡಿದ್ದು ಇದೇ ತೆಲಂಗಾಣದ ಆಡಳಿತ. ಕಟ್ಟಡಕ್ಕೆ ಸಿಕ್ಕ ಆ ಕಾಳಜಿ ಅದರೊಳಗೆ ಗಲ್ಲಾದ ಮುಂದೆ ಕೂತವರಿಗೂ ಸಿಗಬೇಕಿದೆ.