ಆಟದ ದೋಣಿಗೂ ಬೇಕು ಕೊನೆಯ ಹಿಡಿ ಅಕ್ಕಿ

ಮಳೆ ಬಂದು ಅಂಗಳದಲ್ಲಿ ನೀರು ಹರಿಯತೊಡಗಿದರೆ ಕಾಗದದ ದೋಣಿಯನ್ನು ತೇಲಿಬಿಡದ ಮಕ್ಕಳುಂಟೆ? ಈಗ ಆ ಮಕ್ಕಳ ಕೈಗೆ ರೇಡಿಯೋ ಅಲೆಗಳ ಆಜ್ಞೆಯಂತೆ ನಡೆಯುವ ದೋಣಿಯೂ ಬಂದಿದೆ. ಶಿವಮೊಗ್ಗದ ಗೋಪಾಳದಲ್ಲಿ, ಮನೆಯ ನೀರಿನ ತೊಟ್ಟಿಯಲ್ಲಿ ಅದನ್ನು ಓಡಿಸಿದರೆ ಬರಿಯ ವಿನೋದ. ತುಂಗೆಯ ದಡಕ್ಕೆ ಒಯ್ದರೆ ವಿನೋದದ ಜೊತೆಗೆ ವಿವೇಕವೂ ಬೇಕು. ದೋಣಿ ನಡುನೀರಿನಲ್ಲಿ ನಿಂತುಹೋಯಿತೆನ್ನಿ. ದಡದಲ್ಲಿರುವ ಹುಡುಗನಿಗೆ ಮೊದಲು ಹೊಳೆಯುವ ಉಪಾಯ ತಾನೇ ನೀರಿಗಿಳಿಯುವುದು. ಆಟಿಕೆಯ ಬ್ಯಾಟರಿಯ ಮಾತು ಮನೆಯ ಹಿರಿಯರೆಲ್ಲರೂ ತಿಳಿಯಬೇಕಾದ ಮಾತಾಗುವುದು ಇಲ್ಲಿಯೇ.

ಈ ಆಟಿಕೆಯ ವಂಶ ಹಳೆಯದು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯ ಸಂಪರ್ಕವಿಲ್ಲದೆ ನಡೆಸಿ ಜನರನ್ನು ಬೆರಗುಗೊಳಿಸಿದನು. ಅದರ ಒಡಲಿನಲ್ಲಿಯೂ ಬ್ಯಾಟರಿಯೇ ಇದ್ದಿತು. ರೇಡಿಯೋ ಅಲೆ ಹೊತ್ತು ತರುವುದು ಅಪ್ಪಣೆಯನ್ನು ಮಾತ್ರ. ಅದನ್ನು ನಡೆಸಿಕೊಡುವ ತ್ರಾಣ ಬ್ಯಾಟರಿಯದು.

ನಮ್ಮ ಮನೆಗಳಲ್ಲಿ ಹಿರಿಯರು ಅಕ್ಕಿಯ ಡಬ್ಬಿಯನ್ನು ತಳ ಕಾಣುವಂತೆ ಬರಿದು ಮಾಡಗೊಡುವುದಿಲ್ಲ. ಒಂದು ಹಿಡಿಯಾದರೂ ಉಳಿದಿರಬೇಕು. ಬ್ಯಾಟರಿಯ ಪಾಲನೆಗೂ ಇದಕ್ಕಿಂತ ಒಳ್ಳೆಯ ಸೂತ್ರವಿಲ್ಲ.

ಲೆಕ್ಕ ಸುಲಭವಾದುದು. ಬ್ಯಾಟರಿಯ ಮೇಲೆ 2000 ಎಂ.ಎ.ಎಚ್. ಎಂದು ಬರೆದಿದ್ದು, ಮೋಟಾರು 4 ಆಂಪಿಯರ್ ವಿದ್ಯುತ್ತನ್ನು ಎಳೆಯುವುದಾದರೆ ಅದು ಅರ್ಧ ಗಂಟೆಗೆ ಬರಿದಾಗುತ್ತದೆ. ಕಾಲು ಭಾಗವನ್ನು ಉಳಿಸಬೇಕಾದರೆ 22 ನಿಮಿಷಗಳಷ್ಟೇ ದೊರೆಯುವುವು. ಆದುದರಿಂದ ಗಡಿಯಾರ ನೋಡಿ 20ನೆಯ ನಿಮಿಷಕ್ಕೆ ದೋಣಿಯನ್ನು ದಡಕ್ಕೆ ಕರೆಯಿಸಿಕೊಳ್ಳುವುದು ಲೇಸು.

ಹರಿಯುವ ನೀರಿನಲ್ಲಿ ಈ ಲೆಕ್ಕವೂ ಸಾಲದು. ಗಂಟೆಗೆ 6 ಕಿಲೋಮೀಟರ್ ಓಡಬಲ್ಲ ದೋಣಿ, 3 ಕಿಲೋಮೀಟರ್ ವೇಗದ ಪ್ರವಾಹದೊಡನೆ ಹೋಗುವಾಗ 9 ಕಿಲೋಮೀಟರಿನ ವೇಗವನ್ನು ಪಡೆಯುತ್ತದೆ. ಎದುರಾಗಿ ಬರುವಾಗ ಉಳಿಯುವುದು 3 ಮಾತ್ರ. ಹೋದ ದಾರಿಯನ್ನೇ ಹಿಂದಿರುಗಲು ಮೂರು ಪಟ್ಟು ಕಾಲ! ಆದಕಾರಣ ದೋಣಿಯನ್ನು ಮೊದಲು ಪ್ರವಾಹಕ್ಕೆ ಎದುರಾಗಿಯೇ ಕಳುಹಬೇಕು. ಶಕ್ತಿ ಕುಂದಿದರೂ ನದಿಯೇ ಅದನ್ನು ನಮ್ಮತ್ತ ತರುತ್ತದೆ. ಮಳೆಗಾಲದಲ್ಲಿ ತುಂಬಿದ ಹೊಳೆಯ ಬಳಿಗೆ ಈ ಆಟವನ್ನು ಒಯ್ಯಲೇಬಾರದು. ನಿಶ್ಚಲವಾದ ಕೊಳದಲ್ಲಿ ದೋಣಿ ನಿಂತರೆ ಗಟ್ಟಿ ದಾರದ ತುದಿಗೆ ಟೆನ್ನಿಸ್ ಚೆಂಡನ್ನು ಕಟ್ಟಿ, ದೋಣಿಯ ಆಚೆಗೆ ಎಸೆದು, ಮೆಲ್ಲನೆ ಎಳೆದುಕೊಳ್ಳಬಹುದು. ದಾರ ಎಟಕದಿದ್ದರೆ ಗಾಳಿಗಾಗಿ ಕಾಯಬೇಕು. ದೋಣಿ ಹೋದರೆ ಇನ್ನೊಂದು ಬಂದೀತು. ನೀರಿಗಿಳಿಯುವ ಮಾತು ಬೇಡ.

ಕೊನೆಯ ಹಿಡಿಯನ್ನು ಉಳಿಸುವುದರಿಂದ ಬ್ಯಾಟರಿಯ ಆಯುಷ್ಯವೂ ಉಳಿಯುತ್ತದೆ. ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯಲ್ಲಿ 1.2 ವೋಲ್ಟಿನ ಕೋಶಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಪೂರ್ಣ ಬರಿದು ಮಾಡಹೊರಟರೆ ದುರ್ಬಲ ಕೋಶವು ಮೊದಲು ಸೋಲುತ್ತದೆ. ಉಳಿದವು ಅದರಲ್ಲಿ ವಿದ್ಯುತ್ತನ್ನು ತಿರುವುಮುರುವಾಗಿ ನುಗ್ಗಿಸಿ ಕೆಡಿಸುತ್ತವೆ. ಲಿಥಿಯಂ ಪಾಲಿಮರ್ ಕೋಶ ಇನ್ನೂ ಸೂಕ್ಷ್ಮವಾದುದು. ತುಂಬಿದಾಗ 4.2 ವೋಲ್ಟ್ ಇರುವ ಇದು 3 ವೋಲ್ಟಿಗಿಂತ ಕೆಳಗಿಳಿಯಬಾರದು. ತೀರ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗಿ, ಮತ್ತೆ ವಿದ್ಯುತ್ತು ತುಂಬುವಾಗ ಒಳಗೊಳಗೇ ಶಾರ್ಟ್ ಆಗಿ ಬೆಂಕಿಗೆ ಎಡೆಯಾಗಬಹುದು. ಮನೆಯ ಇನ್ವರ್ಟರಿನ ಸೀಸದ ಬ್ಯಾಟರಿಗೂ ಬರಿದಾಗಿ ಬಿದ್ದಿರುವುದು ಶತ್ರುವೇ: ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಗೊಂಡು ಅದರ ಶಕ್ತಿ ಕುಗ್ಗುತ್ತದೆ.

ವಿದ್ಯುತ್ತು ತುಂಬುವಾಗ ಪಾಲಿಸಬೇಕಾದ ಕ್ರಮಗಳು ಕೆಲವಿವೆ. ಆಯಾ ಜಾತಿಯ ಬ್ಯಾಟರಿಗೆ ಆಯಾ ಚಾರ್ಜರನ್ನೇ ಬಳಸಬೇಕು. ನಿಕ್ಕಲ್ಲಿನದನ್ನು ಲಿಥಿಯಂಗೆ ಜೋಡಿಸಿದರೆ ಅನಾಹುತ ತಪ್ಪದು. ದೋಣಿಯಿಂದ ತೆಗೆದ ಬ್ಯಾಟರಿ ಬೆಚ್ಚಗಿರುತ್ತದೆ. ಅದು ಪೂರ್ಣ ತಣಿದ ಮೇಲೆ, ತೇವವನ್ನು ಒರೆಸಿ, ಕಲ್ಲಿನ ನೆಲದ ಮೇಲಿಟ್ಟು ತುಂಬಬೇಕು. ಹಾಸಿಗೆಯ ಮೇಲಾಗಲಿ, ಪರದೆಯ ಪಕ್ಕದಲ್ಲಾಗಲಿ ಕೂಡದು. ರಾತ್ರಿಯಿಡೀ ತುಂಬಲು ಬಿಟ್ಟು ಮಲಗುವುದಂತೂ ಸರ್ವಥಾ ಸಲ್ಲದು. ಉಬ್ಬಿದ ಲಿಥಿಯಂ ಬ್ಯಾಟರಿಗೆ ಮತ್ತೆ ವಿದ್ಯುತ್ತು ತುಂಬಬೇಡಿ, ಚುಚ್ಚಬೇಡಿ.

ರಜೆ ಮುಗಿದು ದೋಣಿ ಬೀರುವನ್ನು ಸೇರುವ ಕಾಲ ಬರುತ್ತದೆ. ಆಗ ಬ್ಯಾಟರಿಯನ್ನು ಅದರೊಳಗೆ ಮರೆತು ಬಿಡಬಾರದು. ಬಿಚ್ಚಿ ತೆಗೆದು ಒಣಗಿಸಿ, ತಂಪಾದ ಎಡೆಯಲ್ಲಿ, ಬೀಗದಕೈ ನಾಣ್ಯಗಳ ಸಂಗವಿಲ್ಲದಂತೆ ಇಡಬೇಕು. ಲಿಥಿಯಂ ಕೋಶವನ್ನು ಬರಿದಾಗಿಯೂ ಇಡಬಾರದು, ತುಂಬಿಯೂ ಇಡಬಾರದು, 3.8 ವೋಲ್ಟಿನ ಸುಮಾರಿಗೆ, ಅಂದರೆ ಅರ್ಧ ತುಂಬಿ ಇಟ್ಟರೆ ಅದು ಬಹುಕಾಲ ಬಾಳುತ್ತದೆ. ತಿಂಗಳಿಗೊಮ್ಮೆ ಅಳೆದು ನೋಡಿದರೆ ಇನ್ನೂ ಒಳ್ಳೆಯದು.

ಬಾಳಿ ಮುಗಿದ ಬ್ಯಾಟರಿಯನ್ನು ಕಸದ ಬುಟ್ಟಿಗಾಗಲಿ ಹೊಳೆಗಾಗಲಿ ಎಸೆಯುವುದು ತರವಲ್ಲ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅವುಗಳನ್ನು ಬೇರೆಯಾಗಿ ತೆಗೆದಿರಿಸಿ ಸಂಗ್ರಹಕಾರರಿಗೆ ಒಪ್ಪಿಸುವುದು ನಮ್ಮ ಪಾಲಿನ ಕೆಲಸ.

ಇರುವುದೆಲ್ಲವನ್ನೂ ಒಮ್ಮೆಗೇ ಸುರಿದುಬಿಡದೆ, ಹಿಂದಿರುಗಿ ಬರುವ ದಾರಿಗೆಂದು ಸ್ವಲ್ಪ ಉಳಿಸಿಕೊಳ್ಳುವ ಪಾಠವನ್ನು ಮಕ್ಕಳಿಗೆ ಬೋಧಿಸಿ ಕಲಿಸುವುದು ಕಷ್ಟ. ಗಡಿಯಾರವನ್ನು ಹುಡುಗನ ಕೈಗೇ ಕೊಟ್ಟು, ಲೆಕ್ಕವನ್ನು ಅವನಿಂದಲೇ ಮಾಡಿಸಿರಿ. ಹೊತ್ತಿಗೆ ಸರಿಯಾಗಿ ದಡ ಸೇರಿದ ದೋಣಿ ಉಳಿದುದನ್ನು ತಾನೇ ಕಲಿಸುತ್ತದೆ.