ಹೊತ್ತು ಮುಳುಗುವಾಗಿನ ಪ್ರಾರ್ಥನೆ

2025ರ ಮೇ 11, ಭಾನುವಾರ. ಪಹಲ್ಗಾಮಿನಲ್ಲಿ 26 ಮಂದಿ ಹತರಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ಆಪರೇಷನ್ ಸಿಂಧೂರ ನಡೆದು, ಗಡಿಯುದ್ದಕ್ಕೂ ಶೆಲ್ಲು ಡ್ರೋನುಗಳ ಕಾಳಗವಾಗಿ, ಹಿಂದಿನ ಸಂಜೆಯಷ್ಟೇ ದಾಳಿ ನಿಲ್ಲಿಸುವ ಸುದ್ದಿ ಬಂದಿತ್ತು. ಮುಂಬಯಿಯ ನಮ್ಮ ಪುಟ್ಟ ಕನ್ನಡ ಸಭೆಯ ಆರಾಧನೆಯಲ್ಲಿ, ಸಭಾಪಾಲಕರು ಯಾರಾದರೂ ದೇಶಕ್ಕಾಗಿ ಪ್ರಾರ್ಥಿಸಬಹುದು ಎಂದಾಗ, ಹಿರಿಯ ತಾಯಿಯೊಬ್ಬರು ಎದ್ದು ನಿಂತರು. ಅವರ ಮಗ ಸೈನ್ಯದಲ್ಲಿದ್ದಾನೆ. ನಾಲ್ಕು ದಿನಗಳಿಂದ ಅವನ ಫೋನು ಬಂದಿರಲಿಲ್ಲ. ಮಗನನ್ನು ಕಾಪಾಡು ಎಂದರು, ಅವನ ಜೊತೆಗಾರರನ್ನು ಕಾಪಾಡು ಎಂದರು. ಒಂದು ಕ್ಷಣ ತಡೆದು, "ಆಚೆ ಕಡೆಯ ತಾಯಂದಿರನ್ನೂ ನೋಡಿಕೋ ಕರ್ತನೇ" ಎಂದು ಕುಳಿತರು.

ಆರಾಧನೆ ಮುಗಿದ ಮೇಲೆ ಮೆಟ್ಟಿಲ ಬಳಿ ಚಹಾ ಕುಡಿಯುತ್ತಿದ್ದಾಗ ತರುಣನೊಬ್ಬ ಮೆಲ್ಲಗೆ ಹೇಳಿದ: "ಅಮ್ಮ ಹಾಗೆ ಹೇಳಬಾರದಿತ್ತು. ಹೊರಗಿನವರು ಕೇಳಿಸಿಕೊಂಡರೆ ಏನೆಂದುಕೊಳ್ಳುತ್ತಾರೆ?" ನಾವು ಸುಮ್ಮನಿದ್ದೆವು. ಆ ಮೌನ ನಮ್ಮನ್ನು ಈವರೆಗೂ ಚುಚ್ಚುತ್ತಿದೆ. ಆ ತಾಯಿಯ ಮಾತಿನಲ್ಲಿ ತಪ್ಪಿದೆಯೆಂದು ಆ ತರುಣನೂ ಹೇಳಲಿಲ್ಲ. ಯಾರಾದರೂ ಕೇಳಿಸಿಕೊಂಡಾರು ಎಂಬುದಷ್ಟೇ ಅವನ ಅಂಜಿಕೆ. ಮಗನನ್ನು ಗಡಿಗೆ ಕಳುಹಿಸಿದ ತಾಯಿಯ ದೇಶಪ್ರೇಮಕ್ಕೂ ಸಾಕ್ಷಿ ಬೇಕಾಗುವ ಕಾಲದಲ್ಲಿ ನಾವಿದ್ದೇವೆಯೇ?

ಮನೆಗೆ ಬಂದಾಗ ನಮಗೆ ನೆನಪಾದದ್ದು ಒಂದು ರಾಗ. ಹಲವು ವರ್ಷ ಪ್ರತಿ ಜನವರಿ 29ರ ಸಂಜೆ ನಮ್ಮ ಮನೆಯವರೆಲ್ಲ ದೂರದರ್ಶನದ ಮುಂದೆ ಕೂರುವುದು ವಾಡಿಕೆ. ದೆಹಲಿಯ ವಿಜಯ ಚೌಕದಲ್ಲಿ ಬೀಟಿಂಗ್ ರಿಟ್ರೀಟ್. ಮೂರೂ ಪಡೆಗಳ ವಾದ್ಯವೃಂದ, ಕೋಟೆಗೋಡೆಯಂಥ ಕಟ್ಟಡಗಳ ಮೇಲೆ ಸಾಲಾಗಿ ನಿಂತ ಒಂಟೆಗಳು, ಅವುಗಳ ಹಿಂದೆ ಇಳಿಯುವ ಸೂರ್ಯ. ಹುರುಪಿನ ನಡಿಗೆಗಳೆಲ್ಲ ಮುಗಿದ ಮೇಲೆ 'ಅಬೈಡ್ ವಿತ್ ಮಿ' ಮೊದಲಾಗುತ್ತಿತ್ತು. ದೂರದ ಗಂಟೆಗಳು ಅದಕ್ಕೆ ಓಗೊಡುತ್ತಿದ್ದವು. ನಮ್ಮ ಅಜ್ಜಿ ಅದನ್ನು ಮಂಗಳೂರಿನಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಹಾಡುತ್ತಿದ್ದರಂತೆ. ಆದರೆ ಆ ಸಂಜೆ ಟಿ.ವಿ.ಯ ಮುಂದೆ ಅದು ನಮ್ಮ ಮತದ ಹಾಡೆಂದು ಅನಿಸುತ್ತಿರಲಿಲ್ಲ. ಅದು ಇಡೀ ದೇಶದ ಸಂಜೆಯಾಗಿತ್ತು.

ಹಾಡನ್ನು ಬರೆದವರು ಹೆನ್ರಿ ಫ್ರಾನ್ಸಿಸ್ ಲೈಟ್, ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಎಂಬ ಮೀನುಗಾರರ ಊರಿನ ಪಾದ್ರಿ. 1847ರಲ್ಲಿ, ಕ್ಷಯದಿಂದ ಸವೆಯುತ್ತಿದ್ದ ದಿನಗಳಲ್ಲಿ, ಅವರು ಅದಕ್ಕೆ ಕೊನೆಯ ರೂಪ ಕೊಟ್ಟರೆಂದು ಹೇಳುತ್ತಾರೆ. ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ಇಂದು ನಾವು ಕೇಳುವ ರಾಗವನ್ನು ವಿಲಿಯಂ ಹೆನ್ರಿ ಮಂಕ್ 1861ರಲ್ಲಿ ಕೂಡಿಸಿದರು. ಹಾಡಿನ ಬೇರು ಲೂಕನ ಸುವಾರ್ತೆಯಲ್ಲಿದೆ. ಎಮ್ಮಾಹು ಎಂಬ ಊರಿಗೆ ನಡೆದು ಹೋಗುತ್ತಿದ್ದ ಇಬ್ಬರು ಶಿಷ್ಯರು, ದಾರಿಯಲ್ಲಿ ಜೊತೆಯಾದ ಅಪರಿಚಿತನನ್ನು ಹೊತ್ತು ಇಳಿಯಿತು, ನಮ್ಮಲ್ಲೇ ಉಳಿದುಕೋ ಎಂದು ಒತ್ತಾಯಿಸುತ್ತಾರೆ. ಅಲ್ಲಿ ಗೆಲುವಿನ ಬೇಡಿಕೆಯಿಲ್ಲ, ಶತ್ರುವಿನ ಹೆಸರಿಲ್ಲ. ಕತ್ತಲಾಗುತ್ತಿದೆ, ಒಬ್ಬರೇ ಇರಲಾರೆವು ಎಂಬಷ್ಟೇ ಮಾತು. ಗಾಂಧೀಜಿಗೆ ಈ ಹಾಡು ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಗುಂಡಿಗೆ ಬಲಿಯಾದದ್ದು ಜನವರಿ 30ರಂದು. ಅದರ ಹಿಂದಿನ ಸಂಜೆಯೇ ಸೈನ್ಯ ಅದನ್ನು ನುಡಿಸುತ್ತಿತ್ತು.

2022ರಲ್ಲಿ ಆ ರಾಗವನ್ನು ಕಾರ್ಯಕ್ರಮದಿಂದ ಕೈಬಿಟ್ಟರು. ಅದರ ಜಾಗಕ್ಕೆ 'ಏ ಮೇರೆ ವತನ್ ಕೆ ಲೋಗೋ' ಬಂತು. ಆ ಹಾಡಿನ ಮೇಲೆ ನಮಗೆ ಕಿಂಚಿತ್ತೂ ಮುನಿಸಿಲ್ಲ. ಚೀನಾ ಯುದ್ಧದ ಗಾಯ ಹಸಿಯಾಗಿದ್ದಾಗ ಕವಿ ಪ್ರದೀಪ್ ಬರೆದು, ಸಿ. ರಾಮಚಂದ್ರ ರಾಗ ಕಟ್ಟಿ, 1963ರ ಜನವರಿಯಲ್ಲಿ ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿದ್ದು ಅದು. ಇಂದಿಗೂ ಕೇಳಿದರೆ ಗಂಟಲು ಕಟ್ಟುತ್ತದೆ. ಅದನ್ನು ಸೇರಿಸಿದ್ದು ಸರಿಯೇ. ಆದರೆ ಇನ್ನೊಂದನ್ನು ತೆಗೆಯಲು ಮುಂದಿಟ್ಟ ವಾದವನ್ನು, ಅಂದರೆ ನಮ್ಮ ರಾಗಗಳೇ ಇರಲಿ, ಪರದೇಶದ್ದು ಬೇಡ ಎಂಬುದನ್ನು, ನಾವು ಒಪ್ಪಲಾರೆವು.

ಸಂಜೆಗೆ ಸೈನ್ಯ ಹಿಂದೆಗೆಯುವ ಸೂಚನೆಯಾಗಿ ನಗಾರಿ ಬಾರಿಸುವ ಈ ಪದ್ಧತಿಯೇ ಯೂರೋಪಿನದು. ಬ್ಯಾಗ್‌ಪೈಪ್, ಬ್ಯೂಗಲ್, ಹಿತ್ತಾಳೆಯ ತುತ್ತೂರಿಗಳು ಅಲ್ಲಿಂದಲೇ ಬಂದವು. ಅವೆಲ್ಲ ನಮ್ಮವಾಗಿ ಉಳಿದು, ಪ್ರಾರ್ಥನೆಯೊಂದೇ ಪರಕೀಯವಾದದ್ದು ಹೇಗೆ? ಕನ್ನಡ ನಾಡಿನಿಂದ ದೂರವಿದ್ದು ಕನ್ನಡ ಓದುವ ನಮಗೆ ಈ ಪ್ರಶ್ನೆ ಹೊಸದಲ್ಲ. 1894ರಲ್ಲಿ ಅಚ್ಚಾದ ಕಿಟೆಲರ ನಿಘಂಟನ್ನು ಬಿಚ್ಚುವಾಗ ಅದನ್ನು ಜರ್ಮನ್ನರದೆಂದು ಯಾರೂ ಅನ್ನುವುದಿಲ್ಲ. ಬಳಸುತ್ತ ಬಳಸುತ್ತ ಅದು ನಮ್ಮದಾಯಿತು. ದಶಕಗಳ ಕಾಲ ಭಾರತದ ಸೈನಿಕರು ನುಡಿಸಿದ ರಾಗವೂ ಹಾಗೆಯೇ ಭಾರತದ್ದಾಗಿತ್ತು.

ಇಲ್ಲಿ ನಾವು ಕ್ರೈಸ್ತರೂ ನಮ್ಮ ಮಾತನ್ನು ತೂಗಿ ಆಡಬೇಕು. ನಮ್ಮ ಪಾಲಿನ ಹಾಡು ಹೋಯಿತೆಂದು ಅಳುವುದು ಸಣ್ಣತನ. ಆ ಹಾಡಿಗೆ ಪಾಲುದಾರರಿಲ್ಲ. ಅಲ್ಲದೆ, ದೇಶ ಮತ್ತು ಯುದ್ಧದ ವಿಷಯದಲ್ಲಿ ಕ್ರೈಸ್ತ ಸಭೆಯ ಚರಿತ್ರೆಯೇನೂ ನಿಷ್ಕಳಂಕವಲ್ಲ. 1914ರ ಮಹಾಯುದ್ಧದಲ್ಲಿ ಎರಡೂ ಕಡೆಯ ಪಾದ್ರಿಗಳು ಒಬ್ಬನೇ ಕ್ರಿಸ್ತನ ಹೆಸರಿನಲ್ಲಿ ತಂತಮ್ಮ ಸೈನ್ಯವನ್ನು ಹರಸಿದರು. ಅದರ ಬಿಸಿ ನಮ್ಮ ಮಂಗಳೂರಿಗೂ ತಟ್ಟಿತು. 1834ರಿಂದ ಅಲ್ಲಿ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಸರಕಾರದ ಕಣ್ಣಿಗೆ ಇದ್ದಕ್ಕಿದ್ದಂತೆ ಶತ್ರುಗಳಾದರು. ಬಂಧನದಲ್ಲಿದ್ದು, ಬಳಿಕ ಊರು ಬಿಟ್ಟರು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ನಿನ್ನೆಯವರೆಗೆ ಪ್ರಭುಭೋಜನ ಕೊಟ್ಟವರು ಇಂದು ವೈರಿಗಳೆಂದು ಕೇಳಿ ಸಭೆಯವರಿಗೆ ಏನನಿಸಿರಬೇಕು! ಅದೇ ವರ್ಷದ ಕ್ರಿಸ್‌ಮಸ್ ರಾತ್ರಿ ಯೂರೋಪಿನ ಪಶ್ಚಿಮ ರಣರಂಗದಲ್ಲಿ ಎರಡೂ ಕಡೆಯ ಸೈನಿಕರು ಕಂದಕಗಳಿಂದ ಹಾಡುಗಳನ್ನು ವಿನಿಮಯ ಮಾಡಿಕೊಂಡು, ಹೊರಬಂದು ಕೈಕುಲುಕಿದರು. ಪಾದ್ರಿಗಳು ಮರೆತದ್ದನ್ನು ಆ ಸೈನಿಕರು ಒಂದು ರಾತ್ರಿಯ ಮಟ್ಟಿಗೆ ನೆನಪಿಟ್ಟಿದ್ದರು.

ನಮ್ಮಲ್ಲಿ ಇನ್ನೊಂದು ಅಭ್ಯಾಸವೂ ಬೆಳೆದಿದೆ. ಯಾರಾದರೂ ಅನುಮಾನದ ಕಣ್ಣಿನಿಂದ ನೋಡಿದರೆ ಸಾಕು, ವೀರರ ಪಟ್ಟಿಯನ್ನು ತೆಗೆದಿಡುತ್ತೇವೆ. 1971ರ ಡಿಸೆಂಬರ್ 3ರಂದು ಗಂಗಾಸಾಗರದಲ್ಲಿ ಗಾಯಗೊಂಡರೂ ಶತ್ರುವಿನ ಮೆಷಿನ್ ಗನ್ನುಗಳ ಸದ್ದಡಗಿಸಿ ಮಡಿದು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ. ಕಾರ್ಗಿಲ್‌ನ ಕಡಿದಾದ ಬಂಡೆಯನ್ನು ಹಿಡಿತ ಸಿಗಲೆಂದು ಬೂಟು ಕಳಚಿ ಹತ್ತಿ ಪ್ರಾಣಕೊಟ್ಟ ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರುಸೆ. ಇವರನ್ನು ನೆನೆದರೆ ತಲೆ ತಾನಾಗಿ ಬಾಗುತ್ತದೆ. ಆದರೆ ಅವರನ್ನು ನಮ್ಮ ಪ್ರಮಾಣಪತ್ರದಂತೆ ಬಳಸುವಾಗ ನಮಗೇ ನಾಚಿಕೆಯಾಗುತ್ತದೆ. ಎಕ್ಕಾ ಮಡಿದದ್ದು ಕ್ರೈಸ್ತರ ನಿಷ್ಠೆಯನ್ನು ರುಜುವಾತುಪಡಿಸಲು ಅಲ್ಲ. ಪಕ್ಕದಲ್ಲಿದ್ದ ಸಂಗಡಿಗರಿಗಾಗಿ, ಈ ನೆಲಕ್ಕಾಗಿ.

ನಮ್ಮ ಅಭಿಪ್ರಾಯ ಇಷ್ಟೇ. ದೇಶಕ್ಕೆ ಸೈನ್ಯ ಬೇಕು. ಅಮಾಯಕರನ್ನು ಕೊಂದವರನ್ನು ತಡೆಯುವುದು ಪಾಪವೆಂದು ನಾವು ಹೇಳುವುದಿಲ್ಲ. ಆದರೆ ಕೈಯಲ್ಲಿ ಶಸ್ತ್ರ ಹಿಡಿದ ದೇಶಕ್ಕೆ ವರ್ಷಕ್ಕೊಮ್ಮೆಯಾದರೂ ಎಲ್ಲರೆದುರು ತಲೆಬಾಗಿಸುವ ಒಂದು ಗಳಿಗೆಯೂ ಬೇಕು. ಕ್ರೈಸ್ತ ವಿಶ್ವಾಸ ನಮ್ಮ ದೇಶಪ್ರೇಮವನ್ನು ಕಡಿಮೆ ಮಾಡುವುದಿಲ್ಲ. ಅದು ದ್ವೇಷವಾಗದಂತೆ ತಡೆಯುತ್ತದೆ. ವಿಜಯ ಚೌಕದ ಆ ಮೂರು ನಾಲ್ಕು ನಿಮಿಷಗಳಲ್ಲಿ ಈ ಮಾತನ್ನು ಸೈನ್ಯವೇ ನುಡಿಸಿ ತೋರಿಸುತ್ತಿತ್ತು. ಆ ತಾಯಿಯ ಪ್ರಾರ್ಥನೆಗೆ ಆಗ ದೇಶದ ನಡುಮನೆಯಲ್ಲೇ ಜಾಗವಿತ್ತು. ಹೊರಗಿನವರು ಕೇಳಿಸಿಕೊಂಡಾರೆಂದು ಅಂಜಬೇಕಿರಲಿಲ್ಲ. ಆ ರಾಗ ಮತ್ತೆ ಬರಲಿ, 'ಏ ಮೇರೆ ವತನ್' ಪಕ್ಕದಲ್ಲಿಯೇ ಬರಲಿ.

ಆ ಭಾನುವಾರ ರಾತ್ರಿ ಮಗನ ಫೋನು ಬಂತೆಂದು ಅವರು ಮರುದಿನ ತಿಳಿಸಿದರು. ಈಗ ಪ್ರಾರ್ಥನೆ ನಿಲ್ಲಿಸಬಹುದಲ್ಲ ಎಂದು ನಾವು ತಮಾಷೆಗೆ ಕೇಳಿದೆವು. "ನನ್ನ ಮಗನ ಫೋನೇನೋ ಬಂತು, ಆಚೆಯವರದು ಬಂತೋ ಇಲ್ಲವೋ" ಎಂದರು. ಅಂದು ಮೆಟ್ಟಿಲ ಬಳಿ ನಾವು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ: ಅಮ್ಮ ಹೇಳಿದ್ದು ಸರಿ.